ಕಬಿನಿಯ ಕಾಡು, ಡೆನ್‌ಹ್ಯಾಮ್‌ನ ಸ್ಟುಡಿಯೊ: ‘ಎಲಿಫೆಂಟ್ ಬಾಯ್’ ಚಿತ್ರವನ್ನು ನೋಡುವ ಬಗೆ

1937ರಲ್ಲಿ ತೆರೆಕಂಡ ‘ಎಲಿಫೆಂಟ್ ಬಾಯ್’, ಮೂವತ್ತರ ದಶಕದ ಬ್ರಿಟಿಷ್ ಕಥಾಚಿತ್ರಗಳಲ್ಲಿ ಕನ್ನಡ ನೆಲಕ್ಕೆ ತೀರ ಹತ್ತಿರವಾದ ಕೃತಿ. ಹಣ ಹೂಡಿದ್ದು ಲಂಡನ್ನಿನ ಕಂಪನಿ, ಕಥೆ ಬರೆದವನು ರಡ್ಯಾರ್ಡ್ ಕಿಪ್ಲಿಂಗ್, ಆಡಿದ ಭಾಷೆ ಇಂಗ್ಲಿಷ್. ಆದರೆ ಅದರಲ್ಲಿ ಕಾಣುವ ಕಾಡು ಹೆಗ್ಗಡದೇವನಕೋಟೆ ಸೀಮೆಯ ಕಾಡು, ಆನೆಗಳು ಮೈಸೂರು ಅರಸರ ಲಾಯದ ಆನೆಗಳು, ನಾಯಕನ ಪಾತ್ರ ವಹಿಸಿದವನು ಕಾರಾಪುರದಲ್ಲಿ ಹುಟ್ಟಿದ ಮಾವುತನ ಮಗ. ಆ ವರ್ಷದ ವೆನಿಸ್ ಚಲನಚಿತ್ರೋತ್ಸವದಲ್ಲಿ ಅತ್ಯುತ್ತಮ ನಿರ್ದೇಶನದ ಪ್ರಶಸ್ತಿ ಪಡೆದ ಈ ಚಿತ್ರವನ್ನು ಪಾಶ್ಚಾತ್ಯ ವಿಮರ್ಶಕರು ಹೆಚ್ಚಾಗಿ ಇಬ್ಬರು ನಿರ್ದೇಶಕರ ಜಗ್ಗಾಟದ ಫಲವೆಂದು ಓದಿದ್ದಾರೆ. ಆ ಓದು ತಪ್ಪಲ್ಲವಾದರೂ ಸಾಲದು; ಆನೆ, ಎತ್ತುಗಳ ಜೊತೆ ಬದುಕಿದ ನಾಡಿನ ಪ್ರೇಕ್ಷಕನಿಗೆ ಈ ಚಿತ್ರದಲ್ಲಿ ಲಂಡನ್ನಿನ ವಿಮರ್ಶಕನ ಕಣ್ಣಿಗೆ ಬೀಳದ ಅನೇಕ ಸಂಗತಿಗಳು ಕಾಣುತ್ತವೆ.

ಚಿತ್ರದ ಹುಟ್ಟನ್ನು ತಿಳಿಯಲು ಮೊದಲು ರಾಬರ್ಟ್ ಫ್ಲಾಹರ್ಟಿಯ ಕೆಲಸವನ್ನು ತಿಳಿಯಬೇಕು. ಅಮೆರಿಕದವನಾದ ಈತ 1922ರಲ್ಲಿ, ಉತ್ತರ ಕೆನಡಾದ ಹಿಮಪ್ರದೇಶದ ಬೇಟೆಗಾರ ಕುಟುಂಬವೊಂದನ್ನು ಕುರಿತ ‘ನಾನೂಕ್ ಆಫ್ ದಿ ನಾರ್ತ್’ ಚಿತ್ರವನ್ನು ತಯಾರಿಸಿ ಹೆಸರಾದವನು. ಸಮೋವಾ ದ್ವೀಪದ ಬದುಕನ್ನು ತೋರಿಸಿದ ಅವನ ‘ಮೋನಾ’ ಚಿತ್ರದ ವಿಮರ್ಶೆಯಲ್ಲಿಯೇ 1926ರಲ್ಲಿ ಜಾನ್ ಗ್ರಿಯರ್ಸನ್ ‘ಡಾಕ್ಯುಮೆಂಟರಿ’ ಎಂಬ ಮಾತನ್ನು ಬಳಸಿದ್ದು, ನಾವು ಇಂದು ಸಾಕ್ಷ್ಯಚಿತ್ರವೆಂದು ಕರೆಯುವ ಪ್ರಕಾರಕ್ಕೆ ಆ ಹೆಸರು ನಿಂತದ್ದು. ಕಥೆಯನ್ನು ಮೊದಲೇ ಬರೆದುಕೊಂಡು ಅದಕ್ಕೆ ತಕ್ಕ ದೃಶ್ಯಗಳನ್ನು ಚಿತ್ರೀಕರಿಸುವುದು ಫ್ಲಾಹರ್ಟಿಗೆ ಒಗ್ಗುತ್ತಿರಲಿಲ್ಲ. ಒಂದು ಊರಿಗೆ ಹೋಗಿ ತಿಂಗಳುಗಟ್ಟಲೆ ನೆಲೆಸಿ, ಅಲ್ಲಿನ ಜನ ಮಾಡುವ ಕೆಲಸವನ್ನು ಕಣ್ಣುತುಂಬ ನೋಡಿ, ರೀಲಿನ ಮೇಲೆ ರೀಲು ಫಿಲ್ಮನ್ನು ಬಳಸಿ, ಕಥೆ ತಾನಾಗಿ ಮೂಡುವವರೆಗೆ ಕಾಯುವುದು ಅವನ ಪದ್ಧತಿ. ಐರ್ಲೆಂಡಿನ ದ್ವೀಪಗಳಲ್ಲಿ ತೆಗೆದ ‘ಮ್ಯಾನ್ ಆಫ್ ಆರನ್’ 1934ರಲ್ಲಿ ಬಂದ ಮೇಲೆ, ಲಂಡನ್ ಫಿಲ್ಮ್ಸ್ ಸಂಸ್ಥೆಯ ಒಡೆಯ ಅಲೆಕ್ಸಾಂಡರ್ ಕೊರ್ಡಾ ಅವನನ್ನು ಕರೆಸಿಕೊಂಡ. ಹಂಗೆರಿಯಿಂದ ಬಂದು ಬ್ರಿಟಿಷ್ ಚಿತ್ರೋದ್ಯಮವನ್ನೇ ಎತ್ತಿ ನಿಲ್ಲಿಸಿದ ಕೊರ್ಡಾಗೆ ಬೇಕಾದದ್ದು ಜಗತ್ತಿನ ಎಲ್ಲ ಕಡೆ ಓಡುವ ದೊಡ್ಡ ಚಿತ್ರ. ಫ್ಲಾಹರ್ಟಿಗೆ ಬೇಕಾದದ್ದು ಕಾಯುವುದಕ್ಕೆ ಕಾಲಾವಕಾಶ. ಈ ಎರಡು ಬಯಕೆಗಳ ಕರಾರು ಹೆಚ್ಚು ಕಾಲ ಬಾಳುವಂಥದ್ದಾಗಿರಲಿಲ್ಲ.

ಫ್ಲಾಹರ್ಟಿಯ ಮನಸ್ಸಿನಲ್ಲಿ ಬಹುಕಾಲದಿಂದ ಇದ್ದ ಕಥೆ ಆನೆಯದಲ್ಲ, ಹೋರಿಯದು. ಸ್ಪೇನಿನ ಹುಡುಗನೊಬ್ಬ ತಾನು ಸಾಕಿದ ಹೋರಿಯನ್ನು ಕಾಳಗದ ಕಣದಿಂದ ಉಳಿಸಿಕೊಳ್ಳುವ ಆ ಕಥೆಯೇ ಮುಂದೆ ಅಮೆರಿಕದ ಆರ್ಸನ್ ವೆಲ್ಸ್‌ನ ಅಪೂರ್ಣ ಚಿತ್ರವೊಂದರ ಭಾಗವಾಗಿ ಮೆಕ್ಸಿಕೊದಲ್ಲಿ ಚಿತ್ರೀಕರಣಗೊಂಡಿತು. ಕೊರ್ಡಾನ ಜೊತೆಗಿನ ಮಾತುಕತೆಯಲ್ಲಿ ಹೋರಿಯ ಜಾಗಕ್ಕೆ ಆನೆ ಬಂದಿತು, ಸ್ಪೇನಿನ ಬದಲು ಇಂಡಿಯಾ ಬಂದಿತು, ಕಿಪ್ಲಿಂಗ್‌ನ 1894ರ ‘ಜಂಗಲ್ ಬುಕ್’ನಲ್ಲಿರುವ ‘ಟೂಮಾಯ್ ಆಫ್ ದಿ ಎಲಿಫೆಂಟ್ಸ್’ ಎಂಬ ಸಣ್ಣಕತೆ ಚಿತ್ರದ ಆಧಾರವಾಯಿತು. ಆದರೂ ಮೂಲ ಬೀಜ ಉಳಿಯಿತು: ದೊಡ್ಡವರ ಲೆಕ್ಕಾಚಾರಕ್ಕೆ ಸಿಕ್ಕಿದ ಪ್ರಾಣಿ, ಅದನ್ನು ತನ್ನ ಮನೆಯವರಲ್ಲಿ ಒಬ್ಬನೆಂದು ಬಗೆದ ಹುಡುಗ.

ಚಳ್ಳಕೆರೆ, ಮೊಳಕಾಲ್ಮುರು ಭಾಗದ ಓದುಗರಿಗೆ ಈ ಬೀಜವನ್ನು ವಿವರಿಸಿ ಹೇಳಬೇಕಾಗಿಲ್ಲ. ಉಳ್ಳಾರ್ತಿ ಕಾವಲ್ ಮೊದಲಾದ ಹುಲ್ಲುಗಾವಲುಗಳು ಮೈಸೂರು ಸಂಸ್ಥಾನ ತನ್ನ ಅಮೃತ್ ಮಹಲ್ ರಾಸುಗಳಿಗೆಂದು ಕಾಯ್ದಿಟ್ಟ ನೆಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ಯಾಗಿ ಮೊದಲುಗೊಂಡ ಆ ಇಲಾಖೆಗೆ ‘ಅಮೃತ್ ಮಹಲ್’ ಎಂಬ ಹೆಸರು ಬಂದದ್ದು ಟಿಪ್ಪುವಿನ ಕಾಲದಲ್ಲಿ. ಅದೇ ಸೀಮೆಯ ಮ್ಯಾಸಬೇಡರಲ್ಲಿ ದೇವರ ಎತ್ತುಗಳನ್ನು ಸಾಕುವ ಸಂಪ್ರದಾಯ ಇಂದಿಗೂ ಇದೆ. ಆ ಎತ್ತುಗಳನ್ನು ನೇಗಿಲಿಗೆ ಹೂಡುವುದಿಲ್ಲ. ಅವುಗಳನ್ನು ಕಾಯುವ ಕಿಲಾರಿ ಬೇಸಾಯಕ್ಕೋ ವ್ಯಾಪಾರಕ್ಕೋ ದನ ಸಾಕುವವನಲ್ಲ, ದೇವರ ಸೊತ್ತಿನ ಪಾಲಕ. ಸರ್ಕಾರದ ಆನೆಯನ್ನು ತಲೆಮಾರುಗಳಿಂದ ನೋಡಿಕೊಳ್ಳುವ ಚಿತ್ರದ ಮಾವುತ ಕುಟುಂಬದ ಹೆಮ್ಮೆ ಈ ಕಿಲಾರಿಯ ಹೆಮ್ಮೆಗೆ ಹತ್ತಿರದ್ದು. ಪ್ರಾಣಿ ತನ್ನ ಒಡೆತನದ್ದಲ್ಲ, ಆದರೆ ಅದರ ಹಸಿವು, ಸಿಟ್ಟು, ನೋವು ಬಲ್ಲವನು ತಾನೊಬ್ಬನೇ ಎಂಬ ಭಾವವೇ ಇಬ್ಬರಲ್ಲಿಯೂ ಇರುವುದು. ಲಂಡನ್ನಿನ ಪ್ರೇಕ್ಷಕ ಇದನ್ನು ಪೂರ್ವದೇಶದ ಸೋಜಿಗವೆಂದು ನೋಡಿದ. ಕಾವಲಿನ ಅಂಚಿನಲ್ಲಿ ಬೆಳೆದವರು ಇದನ್ನು ದಿನನಿತ್ಯದ ಸಂಗತಿಯೆಂದು ನೋಡಬಲ್ಲರು, ಆ ನೋಟವೇ ಚಿತ್ರಕ್ಕೆ ಹೆಚ್ಚು ನ್ಯಾಯ ಸಲ್ಲಿಸುತ್ತದೆ.

ಕಿಪ್ಲಿಂಗ್‌ನ ಕಥೆ ನಡೆಯುವುದು ಅಸ್ಸಾಮಿನ ಕಡೆಯ ಗಾರೋ ಬೆಟ್ಟಗಳಲ್ಲಿ. ಚಿತ್ರತಂಡ ಮಾತ್ರ ಮೈಸೂರಿಗೆ ಬಂದಿತು, ಅದಕ್ಕೆ ತಕ್ಕ ಕಾರಣವೂ ಇತ್ತು. ಕಾಡಾನೆಗಳ ಹಿಂಡನ್ನು ಸುತ್ತುವರಿದು ಬಲವಾದ ಆವರಣದೊಳಕ್ಕೆ ಅಟ್ಟಿ ಹಿಡಿಯುವ ‘ಖೆಡ್ಡಾ’ ಪದ್ಧತಿಯನ್ನು ಮೈಸೂರಿನಲ್ಲಿ 1870ರ ದಶಕದಲ್ಲಿ ಬಳಕೆಗೆ ತಂದವನು ಜಿ.ಪಿ. ಸ್ಯಾಂಡರ್ಸನ್ ಎಂಬ ಅಧಿಕಾರಿ. ಅವನು ಬಂಗಾಳ ಸರ್ಕಾರದ ಪರವಾಗಿ ಈಶಾನ್ಯದ ಕಾಡುಗಳಲ್ಲಿಯೂ ಆನೆ ಹಿಡಿಸಿದ್ದನು, ಕಿಪ್ಲಿಂಗ್‌ನ ‘ಪೀಟರ್ಸನ್ ಸಾಹೇಬ’ನಿಗೆ ಇವನೇ ಮಾದರಿಯೆಂದು ಸಾಹಿತ್ಯ ವಿದ್ವಾಂಸರು ಹೇಳುತ್ತ ಬಂದಿದ್ದಾರೆ. ಹೀಗಾಗಿ ಮೈಸೂರಿಗೆ ಬಂದ ಕಥೆ ಒಂದು ಅರ್ಥದಲ್ಲಿ ತನ್ನ ಮೂಲಪುರುಷನ ಊರಿಗೇ ಬಂದಂತಾಯಿತು. ಕಾಲಾನಂತರದಲ್ಲಿ ಖೆಡ್ಡಾಕ್ಕೆ ಹೆಸರಾದ ತಾಣವೆಂದರೆ ಕಬಿನಿ ದಂಡೆಯ ಕಾಕನಕೋಟೆ. ಅದೇ ಹೆಸರಿನ ಮಾಸ್ತಿಯವರ ನಾಟಕದಿಂದಲೂ ಸಿ.ಆರ್. ಸಿಂಹ ಅವರು ಅದನ್ನು ಆಧರಿಸಿ ತೆಗೆದ ಚಲನಚಿತ್ರದಿಂದಲೂ ಕನ್ನಡಿಗರಿಗೆ ಆ ಕಾಡು ಪರಿಚಿತವೇ.

ಖೆಡ್ಡಾ ನಡೆಯುತ್ತಿದ್ದ ಕ್ರಮವನ್ನು ತಿಳಿದಿದ್ದರೆ ಚಿತ್ರದ ಅರ್ಧ ಭಾಗ ತಾನಾಗಿ ಬಿಚ್ಚಿಕೊಳ್ಳುತ್ತದೆ. ಆನೆಯ ಜಾಡು ಹಿಡಿಯುವುದು ಜೇನುಕುರುಬರು, ಕಾಡುಕುರುಬರು. ಹಿಂಡು ಎಲ್ಲಿ ಮೇಯುತ್ತಿದೆ, ಯಾವ ಕಡೆ ನೀರಿಗೆ ಇಳಿಯುತ್ತದೆ ಎಂಬುದನ್ನು ಅವರು ಲದ್ದಿ, ಮುರಿದ ಕೊಂಬೆ, ಹೆಜ್ಜೆಗಳಿಂದ ಗುರುತಿಸುತ್ತಿದ್ದರು. ಆಮೇಲೆ ನೂರಾರು ಜನ ಸಾಲುಗಟ್ಟಿ ತಮಟೆ, ಕೂಗು, ಬೆಂಕಿ, ಸಿಡಿಮದ್ದುಗಳಿಂದ ಹಿಂಡನ್ನು ದಿನಗಟ್ಟಲೆ ಮೆಲ್ಲಮೆಲ್ಲನೆ ಹೊಳೆಯ ಕಡೆಗೆ ಅಟ್ಟುತ್ತಿದ್ದರು. ಹೊಳೆ ದಾಟಿದ ಹಿಂಡು ದಪ್ಪ ಮರದ ಕಂಬಗಳ ಆವರಣವನ್ನು ಹೊಕ್ಕ ಕೂಡಲೇ ಬಾಗಿಲು ಬೀಳುತ್ತಿತ್ತು; ಕುಮ್ಕಿ ಆನೆಗಳು, ಅಂದರೆ ಪಳಗಿದ ಆನೆಗಳು, ಮಾವುತರನ್ನು ಹೊತ್ತು ಒಳಹೊಕ್ಕು ಕಾಡಾನೆಯನ್ನು ಇಬ್ಬದಿಯಿಂದ ಒತ್ತಿ ಹಿಡಿದಾಗ ಹಗ್ಗ ಹಾಕುವವರು ಅದರ ಕಾಲಿಗೆ ಕುಣಿಕೆ ಬಿಗಿಯುತ್ತಿದ್ದರು. ವೈಸರಾಯ್‌ಗಳೂ ಯುವರಾಜರೂ ಬಂದಾಗ ಇದು ಅರಮನೆಯ ಭಾರಿ ಪ್ರದರ್ಶನವಾಗುತ್ತಿತ್ತು. ಆನೆಗಳ ಪಾಲಿಗೆ ಇದು ಘೋರವಾದ ಅನುಭವವೆಂಬುದನ್ನು ಮರೆಮಾಡಬೇಕಾಗಿಲ್ಲ. ಹಗ್ಗದ ಗಾಯ, ತಾಯಿ-ಮರಿಗಳ ಅಗಲಿಕೆ, ಪಳಗಿಸುವಾಗಿನ ಹಿಂಸೆ ಎಲ್ಲವೂ ಅದರಲ್ಲಿ ಇದ್ದವು. ಚಿತ್ರವು ಈ ಬೇಟೆಯನ್ನು ಕೊಂಡಾಡುತ್ತದೆ, ಅದರ ನೋವನ್ನು ತೋರಿಸುವುದಿಲ್ಲ. ಇಂದಿನ ನೋಡುಗರು ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ನೋಡಬೇಕು.

ಫ್ಲಾಹರ್ಟಿ 1935ರಲ್ಲಿ ಹೆಂಡತಿ ಫ್ರಾನ್ಸಿಸ್, ತಮ್ಮ ಡೇವಿಡ್ ಹಾಗೂ ಛಾಯಾಗ್ರಾಹಕ ಓಸ್ಮಂಡ್ ಬೊರಾಡೇಲ್ ಅವರೊಡನೆ ಮೈಸೂರಿಗೆ ಬಂದಾಗ ನಾಲ್ವಡಿ ಕೃಷ್ಣರಾಜ ಒಡೆಯರು ಆಳುತ್ತಿದ್ದರು; ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ ಬಿಡುಗಡೆಯಾಗಿ ಒಂದು ವರ್ಷವಷ್ಟೇ ಕಳೆದಿತ್ತು. ಅರಮನೆಯ ಸಹಕಾರ ಧಾರಾಳವಾಗಿ ಸಿಕ್ಕಿತು. ಕಾಲಾ ನಾಗ್ ಎಂಬ ಆನೆಯ ಪಾತ್ರಕ್ಕೆ ಲಾಯದ ‘ಐರಾವತ’ನೆಂಬ ಸಲಗ ಸಿಕ್ಕಿದ. ಹುಡುಗನ ಪಾತ್ರಕ್ಕೆ ಸಿಕ್ಕಿದವನು ಸಾಬು. 1924ರ ಜನವರಿ 27ರಂದು ಕಾರಾಪುರದಲ್ಲಿ ಹುಟ್ಟಿದ ಈತನ ತಂದೆ ಮಹಾರಾಜರ ಸೇವೆಯಲ್ಲಿದ್ದ ಮಾವುತ. ತಂದೆ ತೀರಿಕೊಂಡ ಮೇಲೆ ಅರಮನೆಯ ಆನೆಲಾಯದ ಆಶ್ರಯದಲ್ಲಿದ್ದ ಹನ್ನೊಂದರ ಈ ಹುಡುಗನನ್ನು ಬೊರಾಡೇಲ್ ಕಂಡು ಆರಿಸಿದ. ಅಭಿನಯದ ಪಾಠವಿಲ್ಲದ, ಇಂಗ್ಲಿಷ್ ಬಾರದ ಹುಡುಗ ಎರಡು ವರ್ಷಗಳಲ್ಲಿ ಜಗತ್ತಿನ ದೊಡ್ಡ ನಗರಗಳಲ್ಲಿ ಮನೆಮಾತಾದ.

ಕಥೆ ಸರಳವಾಗಿದೆ. ಕಾಡಾನೆ ಹಿಡಿಸಲು ಬಂದ ಪೀಟರ್ಸನ್ ಸಾಹೇಬನ ತಂಡಕ್ಕೆ ತಂದೆಯ ಜೊತೆ ಟೂಮಾಯ್ ಸೇರುತ್ತಾನೆ. ಬೇಟೆಗಾರನಾಗಬೇಕೆಂಬ ಅವನ ಆಸೆಗೆ ದೊಡ್ಡವರು, ಆನೆಗಳು ಕುಣಿಯುವುದನ್ನು ಕಂಡ ದಿನ ಆಗುವೆಯಂತೆ ಎಂದು ನಗುತ್ತಾರೆ, ಅಂದರೆ ಎಂದೂ ಆಗುವುದಿಲ್ಲವೆಂದು ಅರ್ಥ. ಹಿಂಡು ಸಿಗದೆ ವಾರಗಳು ಕಳೆಯುತ್ತವೆ, ತಂದೆ ಹುಲಿಯ ಬಾಯಿಗೆ ಬೀಳುತ್ತಾನೆ, ಒಡನಾಡಿಯನ್ನು ಕಳೆದುಕೊಂಡ ಕಾಲಾ ನಾಗ್ ದುಃಖದಿಂದ ಕೆರಳುತ್ತಾನೆ, ಹೊಸದಾಗಿ ನೇಮಿಸಿದ ಕ್ರೂರ ಮಾವುತನನ್ನು ಗಾಯಗೊಳಿಸುತ್ತಾನೆ. ಆನೆಯನ್ನು ಕೊಲ್ಲಬೇಕೆಂಬ ಮಾತು ಕಿವಿಗೆ ಬಿದ್ದಾಗ ಹುಡುಗ ರಾತ್ರೋರಾತ್ರಿ ಅದನ್ನು ಕಾಡಿಗೆ ಕರೆದೊಯ್ಯುತ್ತಾನೆ, ಅಲ್ಲಿ ಆನೆಗಳ ಕುಣಿತವನ್ನು ಕಾಣುತ್ತಾನೆ. ತಂದೆಯ ಸಾವು, ಹೊಸ ಮಾವುತನ ಕ್ರೌರ್ಯ ಕಿಪ್ಲಿಂಗ್‌ನ ಮೂಲದಲ್ಲಿ ಇಲ್ಲ. ಚಿತ್ರಕಥೆ ಬರೆದ ಜಾನ್ ಕಾಲಿಯರ್ ಮತ್ತು ಜೊತೆಗಾರರು ಇವನ್ನು ಸೇರಿಸಿ ಕಥೆಗೆ ನಾಟಕದ ಬಿಗಿ ತಂದರು. ಆನೆಯೂ ಶೋಕಿಸುತ್ತದೆ ಎಂಬುದನ್ನೇ ಕಥೆಯ ತಿರುವಾಗಿ ಮಾಡಿಕೊಂಡದ್ದು ಅವರ ಒಳ್ಳೆಯ ನಿರ್ಧಾರ.

ಚಿತ್ರದ ಶ್ರೇಷ್ಠ ಭಾಗವೆಂದರೆ ಆನೆಯನ್ನು ಹೊಳೆಯಲ್ಲಿ ಮೀಯಿಸುವ ದೃಶ್ಯ. ಕಥೆಯ ದೃಷ್ಟಿಯಿಂದ ಅಲ್ಲಿ ಏನೂ ನಡೆಯುವುದಿಲ್ಲ. ಕಥೆ ನಿಂತಲ್ಲಿ ನಿಂತಿದ್ದು, ಕೆಲಸ ಮಾತ್ರ ನಡೆಯುತ್ತದೆ. ಆನೆ ನೀರಿನಲ್ಲಿ ಮಗ್ಗುಲಾಗುತ್ತದೆ, ಹುಡುಗ ಅದರ ಮೈಮೇಲೆ ಓಡಾಡುತ್ತ ಚರ್ಮವನ್ನು ಉಜ್ಜುತ್ತಾನೆ. ಅವನ ಬರಿಗಾಲು ಆ ಒದ್ದೆ ಬೆನ್ನಿನ ಮೇಲೆ ಎಲ್ಲಿ ಊರಬೇಕೆಂದು ಹುಡುಕುವುದಿಲ್ಲ, ಕಣ್ಣು ಕೆಳಗೆ ನೋಡುವುದಿಲ್ಲ. ಆನೆಯ ಜೊತೆ ಆಡಿ ಬೆಳೆದ ಹುಡುಗನಿಗಲ್ಲದೆ ಬೇರೆ ಯಾವ ಬಾಲನಟನಿಗೂ ಇದನ್ನು ಹೇಳಿಕೊಟ್ಟು ಮಾಡಿಸಲಾಗದು. ಅವನು ಕುತ್ತಿಗೆಯ ಮೇಲೆ ಕುಳಿತಾಗ ಅವನ ಪಾದಗಳನ್ನು ಗಮನಿಸಬೇಕು. ಮಾವುತ ಆನೆಗೆ ಹೇಳುವುದರಲ್ಲಿ ಬಹುಪಾಲನ್ನು ಬಾಯಿಂದಲ್ಲ, ಕಿವಿಯ ಹಿಂದೆ ಒತ್ತುವ ಕಾಲ್ಬೆರಳಿನಿಂದ ಹೇಳುತ್ತಾನೆ. ಸಾಬುವಿನ ಮುಖ ಕ್ಯಾಮೆರಾಕ್ಕಾಗಿ ನಗುತ್ತಿದ್ದಾಗಲೂ ಅವನ ಕಾಲುಗಳು ಆನೆಯೊಡನೆ ಮಾತಾಡುತ್ತಲೇ ಇರುತ್ತವೆ. ಫ್ಲಾಹರ್ಟಿಯ ಕಾಯುವ ಪದ್ಧತಿಗೆ ಸಿಕ್ಕ ಫಲವೆಂದರೆ ಇದು.

ಆದರೆ ಕಾಯುವುದಕ್ಕೂ ಮಿತಿ ಇತ್ತು. ಮಳೆಗಾಲ ಬಂದು ಹೋಯಿತು, ಫಿಲ್ಮು ರಾಶಿಬಿದ್ದಿತು, ಖರ್ಚು ಏರಿತು, ಕಥೆ ಮಾತ್ರ ಮುಗಿಯಲಿಲ್ಲ. ಕೊರ್ಡಾ ಮೊದಲು ಮೊಂಟಾ ಬೆಲ್ ಎಂಬ ಹಾಲಿವುಡ್ ನಿರ್ದೇಶಕನನ್ನೂ ಆಮೇಲೆ ತನ್ನ ತಮ್ಮ ಝೋಲ್ಟನ್ ಕೊರ್ಡಾನನ್ನೂ ಮೈಸೂರಿಗೆ ಕಳುಹಿಸಿದ. ಒಂದು ವರ್ಷಕ್ಕೂ ಮಿಕ್ಕಿ ಇಲ್ಲಿದ್ದ ತಂಡ ಕೊನೆಗೆ 1936ರಲ್ಲಿ ಸಾಬುವನ್ನೂ ಅವನ ಅಣ್ಣನನ್ನೂ ಜೊತೆಗೆ ಕರೆದುಕೊಂಡು ಇಂಗ್ಲೆಂಡಿಗೆ ಹಿಂದಿರುಗಿತು. ಲಂಡನ್ನಿನ ಬಳಿ ಆಗ ತಾನೇ ತಲೆಯೆತ್ತಿದ್ದ ಡೆನ್‌ಹ್ಯಾಮ್ ಸ್ಟುಡಿಯೊದಲ್ಲಿ ಕಾಡಿನ ಬೀಡನ್ನು ಸೆಟ್ಟಾಗಿ ಕಟ್ಟಿ, ಕಥೆಯನ್ನು ಮುಂದಕ್ಕೆ ಒಯ್ಯುವ ಮಾತಿನ ದೃಶ್ಯಗಳನ್ನು ಝೋಲ್ಟನ್ ಚಿತ್ರೀಕರಿಸಿದ. ಟೂಮಾಯ್‌ನ ತಂದೆಯ ಪಾತ್ರವನ್ನು ಡಬ್ಲ್ಯು.ಇ. ಹಾಲೊವೇ, ಹಿರಿಯ ಬೇಟೆಗಾರ ಮಾಚುವಾ ಅಪ್ಪನ ಪಾತ್ರವನ್ನು ಅಲನ್ ಜೀಯಸ್ ವಹಿಸಿದರು. ಇಬ್ಬರೂ ಮುಖಕ್ಕೆ ಬಣ್ಣ ಬಳಿದುಕೊಂಡ ಆಂಗ್ಲ ರಂಗನಟರು. ರಾಶಿ ಫಿಲ್ಮನ್ನು ಸುಮಾರು 80 ನಿಮಿಷಕ್ಕೆ ಇಳಿಸಿ ಜೋಡಿಸಿದ ಸಂಕಲನಕಾರ ಚಾರ್ಲ್ಸ್ ಕ್ರಿಕ್ಟನ್ ಮುಂದೆ ಸ್ವತಃ ಹೆಸರಾಂತ ನಿರ್ದೇಶಕನಾದ.

ಈ ಎರಡು ಬಗೆಯ ಚಿತ್ರೀಕರಣದ ನಡುವಿನ ಹೊಲಿಗೆ ಬರಿಗಣ್ಣಿಗೂ ಕಾಣುತ್ತದೆ. ಮೈಸೂರಿನಲ್ಲಿ ತೆಗೆದ ಚಿತ್ರಿಕೆಗಳಲ್ಲಿ ಬೆಳಕು ಮೇಲಿನಿಂದ, ಎಲೆಗಳ ಸಂದಿನಿಂದ, ಕಣ್ಣುಕುಕ್ಕುವಂತೆ ಬೀಳುತ್ತದೆ, ದೂರದಲ್ಲಿ ಏನೋ ಒಂದು ಅಲುಗುತ್ತಲೇ ಇರುತ್ತದೆ. ಡೆನ್‌ಹ್ಯಾಮ್‌ನ ಕಾಡಿನಲ್ಲಿ ಗಾಳಿಯಿಲ್ಲ, ಮುಖಗಳ ಮೇಲೆ ದೀಪದ ಬೆಳಕು ಸಮನಾಗಿ ಹರಡಿರುತ್ತದೆ, ಎಲ್ಲರೂ ರಂಗಭೂಮಿಯ ಉಚ್ಚಾರದಲ್ಲಿ ಮಾತಾಡುತ್ತಾರೆ. ಸಾಬು ಈ ಎರಡೂ ಕಡೆ ಇದ್ದಾನೆ, ಎರಡನ್ನೂ ಹಿಡಿದಿಡುವವನು ಅವನೊಬ್ಬನೇ. ಸ್ಟುಡಿಯೊದಲ್ಲಿ ಕಲಿತ ಇಂಗ್ಲಿಷನ್ನು ಅವನು ಒಪ್ಪಿಸುವಾಗ ಒಂದೊಂದು ಪದವೂ ಹೊಸ ಆಟಿಕೆಯಂತೆ ಅವನ ಬಾಯಲ್ಲಿ ಹೊಳೆಯುತ್ತದೆ, ಸುತ್ತಲಿನ ನುರಿತ ನಟರ ಮಾತು ಅದರ ಮುಂದೆ ಸಪ್ಪೆಯೆನಿಸುತ್ತದೆ. ಆನೆಗಳ ಕುಣಿತದ ದೃಶ್ಯ ಇಡೀ ಚಿತ್ರದ ಗುಟ್ಟೆನ್ನಬಹುದು: ಆನೆ ಕುಣಿಯುವುದಿಲ್ಲ, ಆದ್ದರಿಂದ ಆ ಕುಣಿತವನ್ನು ನೆರಳು, ತುಳಿಯುವ ಕಾಲು, ಜಾನ್ ಗ್ರೀನ್‌ವುಡ್‌ನ ಸಂಗೀತ, ಬೆರಗಾದ ಹುಡುಗನ ಮುಖ ಇವುಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ಕಟ್ಟಬೇಕಾಯಿತು. ನೋಡುಗ ನಂಬುವುದು ಕಾಲುಗಳನ್ನಲ್ಲ, ಆ ಮುಖವನ್ನು.

ಚಿತ್ರ ಬಂದಾಗ ಎಲ್ಲರೂ ಮೆಚ್ಚಲಿಲ್ಲ. ಕಾದಂಬರಿಕಾರ ಗ್ರಹಾಂ ಗ್ರೀನ್ ಆಗ ಚಿತ್ರವಿಮರ್ಶಕನೂ ಆಗಿದ್ದನು. ಅಷ್ಟು ಕಾಲ ಇಂಡಿಯಾದಲ್ಲಿ ಕಳೆದು ಫ್ಲಾಹರ್ಟಿ ತಂದದ್ದು ಆನೆಯ ಸ್ನಾನ, ಒಂದಿಷ್ಟು ಸಂತೆ, ವಿಗ್ರಹ, ಕಾಡಿನ ಚಿತ್ರಿಕೆಗಳಷ್ಟೆ ಎಂದು ಅವನು ಕಟುವಾಗಿ ಬರೆದ, ಬೇಸಿಲ್ ರೈಟ್‌ನ 1934ರ ‘ಸಾಂಗ್ ಆಫ್ ಸಿಲೋನ್’ ಸಾಕ್ಷ್ಯಚಿತ್ರದ ಮುಂದೆ ಇದು ನಿಲ್ಲದೆಂದ. ಗ್ರಿಯರ್ಸನ್‌ಗೂ ಸ್ಟುಡಿಯೊ ಭಾಗಗಳ ಕೃತಕತೆ ಹಿಡಿಸಲಿಲ್ಲ. ಗ್ರೀನ್‌ನ ಹೋಲಿಕೆಯಲ್ಲಿ ಹುರುಳಿದೆ. ಕಲಾಕೃತಿಯಾಗಿ ‘ಸಾಂಗ್ ಆಫ್ ಸಿಲೋನ್’ ಹೆಚ್ಚು ಅಖಂಡವಾದ ಚಿತ್ರ. ಆದರೆ ಆನೆಯ ಸ್ನಾನವನ್ನು ಅವನು ಲೆಕ್ಕಕ್ಕಿಲ್ಲದ ವಿವರವೆಂದು ತಳ್ಳಿಹಾಕಿದ್ದು ಸರಿಯಲ್ಲ. ಪ್ರಾಣಿಯ ಮೈ ತೊಳೆಯುವ ಕೆಲಸದಲ್ಲಿಯೇ ಪ್ರಾಣಿಗೂ ಮನುಷ್ಯನಿಗೂ ನಡುವಿನ ಒಪ್ಪಂದ ದಿನದಿನವೂ ಹೊಸದಾಗುತ್ತದೆ ಎಂಬುದು ರೊಪ್ಪದಲ್ಲಿ ರಾಸುಗಳ ನಡುವೆ ಹಗಲು ಕಳೆದವರಿಗೆ ಗೊತ್ತು, ಅದನ್ನು ಫ್ಲಾಹರ್ಟಿ ಕಂಡುಕೊಂಡಿದ್ದ.

ವಸಾಹತುಶಾಹಿಯ ಪ್ರಶ್ನೆಯನ್ನೂ ಬಿಡುವಂತಿಲ್ಲ. ಚಿತ್ರದ ಲೋಕದಲ್ಲಿ ನ್ಯಾಯ ಹೇಳುವವನು ಬಿಳಿಯ ಸಾಹೇಬ, ದೇಶೀಯರು ಗೊಣಗುವವರು ಇಲ್ಲವೆ ಆಜ್ಞೆ ಪಾಲಿಸುವವರು. ಕಾಡನ್ನು ಅಂಗೈಯಂತೆ ಬಲ್ಲ ಕುರುಬರ ಜ್ಞಾನವಿಲ್ಲದೆ ಯಾವ ಖೆಡ್ಡಾವೂ ನಡೆಯುತ್ತಿರಲಿಲ್ಲ, ಆದರೂ ಚಿತ್ರದಲ್ಲಿ ಅವರಿಗೆ ಹೆಸರಿಲ್ಲ. ಇದೇ ಕೊರ್ಡಾ ಸಹೋದರರು ಸಾಬುವನ್ನೇ ಮುಂದಿಟ್ಟು 1938ರಲ್ಲಿ ತೆಗೆದ ‘ದಿ ಡ್ರಮ್’ ಚಿತ್ರದಲ್ಲಿ ಸಾಮ್ರಾಜ್ಯದ ಹೊಗಳಿಕೆ ಎಷ್ಟು ಬಿಚ್ಚಾಗಿತ್ತೆಂದರೆ ಬೊಂಬಾಯಿ, ಮದರಾಸುಗಳಲ್ಲಿ ಪ್ರೇಕ್ಷಕರು ಪ್ರತಿಭಟಿಸಿದರು. ‘ಎಲಿಫೆಂಟ್ ಬಾಯ್’ನಲ್ಲಿ ಅದು ಅಷ್ಟು ಕೆರಳಿಸುವುದಿಲ್ಲ, ಏಕೆಂದರೆ ಅಧಿಕಾರ ಸಾಹೇಬನ ಕೈಯಲ್ಲಿದ್ದರೂ ತಿಳಿವಳಿಕೆ ಹುಡುಗನ ಬಳಿ ಇದೆ, ಹಿಂಡಿನ ಜಾಗವನ್ನು ಕೊನೆಗೆ ಸಾಹೇಬನಿಗೆ ತೋರಿಸುವವನು ಅವನೇ.

ಚಿತ್ರಕ್ಕೆ ಕಾಲ ಕೊಟ್ಟ ಇನ್ನೊಂದು ಬೆಲೆಯಿದೆ. ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಕಬಿನಿ ಅಣೆಕಟ್ಟು 1974ರ ಹೊತ್ತಿಗೆ ಪೂರ್ಣಗೊಂಡು ಆ ಕಾಡಿನ ಒಂದು ಭಾಗ ಹಿನ್ನೀರಿನ ತಳ ಸೇರಿತು. ಮೈಸೂರು ಸಂಸ್ಥಾನ ಪ್ರಾಣಿಗಳಿಗಾಗಿ ಕಟ್ಟಿದ್ದ ದೊಡ್ಡ ವ್ಯವಸ್ಥೆಗಳಲ್ಲಿ ಒಂದಾದ ಅಮೃತ್ ಮಹಲ್ ಕಾವಲುಗಳೂ ಚಳ್ಳಕೆರೆ ಸೀಮೆಯಲ್ಲಿ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹಂಚಿಹೋಗಿ ಕಿರಿದಾಗಿವೆ, ಅಲ್ಲಿನ ಮೇವಿನ ಬದುಕನ್ನು ಹೀಗೆ ವರ್ಷಗಟ್ಟಲೆ ಕುಳಿತು ಚಿತ್ರೀಕರಿಸಿದ ಫ್ಲಾಹರ್ಟಿ ಯಾರೂ ಬರಲಿಲ್ಲ. ಕಾಕನಕೋಟೆಗೆ ಆ ಭಾಗ್ಯ ಸಿಕ್ಕಿದೆ. ಮೂವತ್ತರ ದಶಕದ ಮೈಸೂರಿನ ಆನೆ, ಮಾವುತ, ಹೊಳೆ, ಕಾಡುಗಳನ್ನು ಚಲಿಸುವ ಚಿತ್ರಗಳಲ್ಲಿ ಉಳಿಸಿಕೊಟ್ಟ ಕೃತಿಗಳು ಬೆರಳೆಣಿಕೆಯವು. ಫ್ರಾನ್ಸಿಸ್ ಫ್ಲಾಹರ್ಟಿ ಮೈಸೂರಿನಿಂದ ಬರೆದ ಪತ್ರಗಳ ‘ಎಲಿಫೆಂಟ್ ಡ್ಯಾನ್ಸ್’ ಎಂಬ ಪುಸ್ತಕವನ್ನು ಇದರ ಜೊತೆಗಿಟ್ಟು ಓದಬಹುದು.

ಸಾಬು ಮತ್ತೆ ಮೈಸೂರಿನ ಬದುಕಿಗೆ ಮರಳಲಿಲ್ಲ. 1940ರ ‘ದಿ ಥೀಫ್ ಆಫ್ ಬಾಗ್ದಾದ್’ ಅವನನ್ನು ಹಾಲಿವುಡ್‌ಗೆ ಕರೆದೊಯ್ದಿತು, 1944ರಲ್ಲಿ ಅಮೆರಿಕದ ಪ್ರಜೆಯಾದ, ಎರಡನೆಯ ಮಹಾಯುದ್ಧದಲ್ಲಿ ಬಾಂಬರ್ ವಿಮಾನದ ಗನ್ನರ್ ಆಗಿ ಹೋರಾಡಿ ಪದಕ ಪಡೆದ, 1963ರ ಡಿಸೆಂಬರಿನಲ್ಲಿ ಮೂವತ್ತೊಂಬತ್ತನೆಯ ವಯಸ್ಸಿಗೇ ಹೃದಯಾಘಾತದಿಂದ ತೀರಿಕೊಂಡ. ಈ ಚಿತ್ರವನ್ನು ನೋಡಿದವರು ಮುಂದೆ ನೋಡಬೇಕಾದದ್ದು ಝೋಲ್ಟನ್ ಕೊರ್ಡಾನೇ ನಿರ್ದೇಶಿಸಿದ 1942ರ ‘ಜಂಗಲ್ ಬುಕ್’. ಅಲ್ಲಿ ಬಣ್ಣವಿದೆ, ಹಣವಿದೆ, ಮೋಗ್ಲಿಯಾಗಿ ಪಳಗಿದ ನಟನಾದ ಸಾಬು ಇದ್ದಾನೆ. ಕಾಡು ಮಾತ್ರ ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ್ದು. 1947ರ ‘ಬ್ಲ್ಯಾಕ್ ನಾರ್ಸಿಸಸ್’ನಲ್ಲಿ ಹಿಮಾಲಯವನ್ನೇ ಇಂಗ್ಲೆಂಡಿನ ಸ್ಟುಡಿಯೊದೊಳಗೆ ಚಿತ್ರಿಸಿ ನಿಲ್ಲಿಸಿದರು. ಆ ಚಿತ್ರಗಳು ತಮ್ಮ ತಮ್ಮ ರೀತಿಯಲ್ಲಿ ಸುಂದರವೇ, ‘ಬ್ಲ್ಯಾಕ್ ನಾರ್ಸಿಸಸ್’ ಅಂತೂ ಮೇರುಕೃತಿ. ಆದರೆ ಅವುಗಳಲ್ಲಿ ಎಲ್ಲಿಯೂ ಸಾಬು, ಐರಾವತನ ಕುತ್ತಿಗೆಯ ಮೇಲೆ ಕಬಿನಿಯ ದಂಡೆಯಲ್ಲಿ ಕುಳಿತಷ್ಟು ನಿರಾಳವಾಗಿ ಕುಳಿತದ್ದು ಕಾಣುವುದಿಲ್ಲ.